ಊರ ಚರಿತ್ರೆ ಬರೆಯುವವರ ಕಮ್ಮಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ಕೈದು ಜನ ಸೇರಿ ಹಳೇ ಮೈಸೂರು ಕಡೆಯ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಈ ಕಮ್ಮಟ ನಡೆಸುತ್ತೇವೆ. ಹೆಸರು ಕೊಡುವ ಮೊದಲು ಜನ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಓದಿಕೊಂಡು ಬಂದರೆ ಮೊದಲ ದಿನದ ಬೆಳಗ್ಗೆ ಒಂದು ಗಂಟೆ ಉಳಿಯುತ್ತದೆ.

ಕಮ್ಮಟದಲ್ಲಿ ನಿಜವಾಗಿ ಏನು ಮಾಡಿಸುತ್ತೀರಿ?

ಮೂರು ದಿನ. ಮೊದಲ ದಿನ ಕಲ್ಲು, ಎರಡನೇ ದಿನ ಕಾಗದ, ಮೂರನೇ ದಿನ ಜನ. ಅಂದರೆ ಶಾಸನ ಮತ್ತು ವೀರಗಲ್ಲು, ಆಮೇಲೆ ಹಳೇ ದಾಖಲೆಗಳು, ಕೊನೆಗೆ ಹಿರಿಯರ ಮಾತು. ಭಾಷಣ ಕಡಿಮೆ, ಓಡಾಟ ಜಾಸ್ತಿ. ಕಮ್ಮಟ ಎಂದರೆ ಮೊದಲು ನಾಣ್ಯ ಅಚ್ಚು ಹಾಕುವ ಟಂಕಸಾಲೆ ಎಂದೇ ಅರ್ಥ. ನಮ್ಮಲ್ಲಿ ಅಚ್ಚು ಒತ್ತುವುದು ಒಂದೇ ಒಂದು ಪ್ರಶ್ನೆಯನ್ನು: "ಇದು ನಿಮಗೆ ಎಲ್ಲಿಂದ ಗೊತ್ತಾಯ್ತು?" ಮೂರು ದಿನವೂ ಎಲ್ಲರಿಗೂ ಇದನ್ನೇ ಕೇಳುತ್ತೇವೆ. ಎರಡನೇ ದಿನದ ಹೊತ್ತಿಗೆ ಕೆಲವರಿಗೆ ಸಿಟ್ಟೂ ಬರುತ್ತದೆ.

ನಾನು ಇತಿಹಾಸ ಓದಿದವನಲ್ಲ. ಬರಬಹುದಾ?

ಬನ್ನಿ. ಇಲ್ಲಿಯವರೆಗೆ ಬಂದವರಲ್ಲಿ ಶಾಲಾ ಮೇಷ್ಟ್ರು, ನಿವೃತ್ತ ಗ್ರಾಮ ಲೆಕ್ಕಿಗರು, ಅಂಗನವಾಡಿ ಕಾರ್ಯಕರ್ತೆಯರು, ಒಬ್ಬ ಬಸ್ ಕಂಡಕ್ಟರ್ ಎಲ್ಲರೂ ಇದ್ದಾರೆ. ಗ್ರಾಮ ಲೆಕ್ಕಿಗರು ನಮಗೇ ಪಾಠ ಹೇಳಿ ಹೋದರು. ಹಳೇ ಪಹಣಿಯ ಕೈಬರಹವನ್ನು ಅವರಷ್ಟು ಸಲೀಸಾಗಿ ಓದುವ ಪ್ರಾಧ್ಯಾಪಕರನ್ನು ನಾನಂತೂ ನೋಡಿಲ್ಲ.

ಮೂರು ದಿನದಲ್ಲಿ ಹಳಗನ್ನಡ ಶಾಸನ ಓದಲು ಬರುತ್ತದಾ?

ಇಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಜಯನಗರ ಕಾಲದ ಲಿಪಿಯನ್ನು ಆರು ತಿಂಗಳು ಕೂತು ಅಭ್ಯಾಸ ಮಾಡಿದರೆ ತಡವರಿಸಿಕೊಂಡು ಓದಬಹುದು. ಗಂಗರ ಕಾಲದ್ದಕ್ಕೆ ಅದೂ ಸಾಲದು. ಮೂರು ದಿನದಲ್ಲಿ ಬರುವುದು ಗುರುತಿಸುವ ಕಣ್ಣು. ಮೇಲೆ ಸೂರ್ಯ ಚಂದ್ರರಿದ್ದರೆ ಆ ದಾನ ಅವರಿರುವ ತನಕ ನಡೆಯಲಿ ಎಂಬ ಮಾತು. ಕೊನೆಯಲ್ಲಿ "ಸ್ವದತ್ತಾಂ ಪರದತ್ತಾಂ ವಾ" ಎಂದೋ ಕವಿಲೆಯ ಕೊಂದ ಪಾಪವೆಂದೋ ಇದ್ದರೆ ಅದು ಶಾಪಾಶಯ, ದಾನ ಕೆಡಿಸಿದವರಿಗೆ. ಮೂರು ಹಂತದಲ್ಲಿ ಕಾದಾಟ, ಅಪ್ಸರೆಯರು, ಶಿವಸಾನ್ನಿಧ್ಯ ಕೆತ್ತಿದ್ದರೆ ವೀರಗಲ್ಲು. ಬಳೆ ತೊಟ್ಟ ಒಂದು ಕೈ ಎತ್ತಿ ನಿಂತಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು. ಇಷ್ಟು ಗುರುತಿಸಿದರೆ ಓದಬಲ್ಲವರನ್ನು ಊರಿಗೆ ಕರೆಸಲು ನಿಮ್ಮ ಕೈಲಿ ಕಾರಣ ಸಿಕ್ಕ ಹಾಗೆ.

ನಮ್ಮೂರ ಶಾಸನವನ್ನು ಇನ್ನೂ ಯಾರೂ ಓದಿಲ್ಲ. ನಾವೇ ಮೊದಲು ಅಲ್ಲವಾ?

ಹತ್ತರಲ್ಲಿ ಎಂಟು ಸಲ ಅಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 12 ಸಂಪುಟ ತಂದರು. ಮೈಸೂರು ಸಂಸ್ಥಾನ ಮತ್ತು ಕೊಡಗಿನ ಸುಮಾರು 9 ಸಾವಿರ ಶಾಸನಗಳು ಅದರಲ್ಲಿವೆ. ಆಮೇಲೆ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರ ಕಾಲದ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು ಬಂದವು, 1972ರಿಂದ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳು ಶುರುವಾದವು. ಉತ್ತರ ಕರ್ನಾಟಕದವರು ಕೇಂದ್ರ ಪುರಾತತ್ವ ಇಲಾಖೆಯ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನು, ಮುಖ್ಯವಾಗಿ ಬಳ್ಳಾರಿ ಕಡೆಗೆ 9ನೆಯದನ್ನೂ ಹಳೇ ಮುಂಬಯಿ ಪ್ರಾಂತ್ಯದ ಜಿಲ್ಲೆಗಳಿಗೆ 11ನೆಯದನ್ನೂ ಮೊದಲು ನೋಡಬೇಕು. ಇವುಗಳ ಹಳೇ ಮುದ್ರಣಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಹುಡುಕುವಾಗ ಎಡವುವುದು ತಾಲ್ಲೂಕಿನ ಹೆಸರಿನಲ್ಲಿ. ರೈಸ್ ಲೆಕ್ಕ ಹಾಕಿದ್ದು ಅವರ ಕಾಲದ ತಾಲ್ಲೂಕುಗಳ ಪ್ರಕಾರ. ಕ್ಲೋಸ್‌ಪೇಟೆ ಎಂದರೆ ಇವತ್ತಿನ ರಾಮನಗರ, ಎಡತೊರೆ ಎಂದರೆ ಕೆ.ಆರ್. ನಗರ. ಊರಿನ ಹೆಸರನ್ನು ಈಗಿನ ತಾಲ್ಲೂಕಿನಲ್ಲಿ ಹುಡುಕಿ "ಇಲ್ಲ" ಎಂದು ತೀರ್ಮಾನಿಸಿ ಪತ್ರಿಕೆಗೆ "ಅಪ್ರಕಟಿತ ಶಾಸನ ಪತ್ತೆ" ಎಂದು ಸುದ್ದಿ ಕೊಟ್ಟವರಿದ್ದಾರೆ. ಆ ಪಟ್ಟಿಯಲ್ಲಿ ಒಂದು ಕಾಲದಲ್ಲಿ ನಾನೂ ಇದ್ದೆ. ಸುದ್ದಿ ಬಂದ ವಾರಕ್ಕೇ ಹಿರಿಯರೊಬ್ಬರು ಕಾರ್ಡು ಬರೆದರು. ಸಂಪುಟ, ಪುಟ, ಸಂಖ್ಯೆ, ಅಷ್ಟೇ. ಬೇರೆ ಒಂದಕ್ಷರ ಇರಲಿಲ್ಲ.

ಆಗಲೇ ಪ್ರಕಟವಾಗಿದೆ ಎಂದು ಬೇಜಾರಾಗಬೇಡಿ. ಪುಸ್ತಕದಲ್ಲಿರುವ ಕಲ್ಲು ಇವತ್ತೂ ಊರಲ್ಲಿದೆಯಾ ಎಂದು ನೋಡುವುದು ಹೊಸದನ್ನು ಹುಡುಕುವುದಕ್ಕಿಂತ ತುರ್ತಿನ ಕೆಲಸ. ಎಷ್ಟೋ ಕಲ್ಲು ಈಗ ಪುಸ್ತಕದಲ್ಲಿ ಮಾತ್ರ ಉಳಿದಿವೆ.

ಅಕ್ಷರ ಸವೆದು ಕಾಣುವುದೇ ಇಲ್ಲ. ಸುಣ್ಣ, ರಂಗೋಲಿ ಪುಡಿ ತುಂಬಿ ಫೋಟೊ ತೆಗೆಯಬಹುದಾ?

ಬೇಡ. ಸೀಮೆಸುಣ್ಣ, ಹಿಟ್ಟು, ಬಣ್ಣ ಯಾವುದೂ ಬೇಡ. ತಂತಿ ಬ್ರಷ್ಷು, ಸೋಪಿನ ಪುಡಿ, ಆಸಿಡ್ಡಂತೂ ಕೂಡದೇ ಕೂಡದು. ಕಲ್ಲಿಗೆ ಆಗುವ ಹಾನಿ ಒಂದು ಕಡೆ. ಇನ್ನೊಂದು ತೊಂದರೆ, ನೀವು ಸುಣ್ಣ ತುಂಬುವುದು ಅಕ್ಷರ ಎಂದು ನಿಮಗೆ ತೋರಿದ ಗೆರೆಗೆ. ಬಿರುಕಿಗೂ ತುಂಬಿರುತ್ತೀರಿ. ಆಮೇಲೆ ಆ ಫೋಟೊ ನೋಡಿದವರೆಲ್ಲ ಕಲ್ಲನ್ನು ಓದುವುದಿಲ್ಲ, ನಿಮ್ಮ ಊಹೆಯನ್ನು ಓದುತ್ತಾರೆ.

ಒಂದು ಟಾರ್ಚು ಸಾಕು. ಮೊದಲ ದಿನ ರಾತ್ರಿ ಊಟ ಆದಮೇಲೆ ಎಲ್ಲರನ್ನೂ ಕಲ್ಲಿನ ಹತ್ತಿರ ಕರೆದೊಯ್ಯುತ್ತೇವೆ. ಕಳೆದ ಸಲ ಆಂಜನೇಯನ ಗುಡಿಯ ಹಿಂದೆ ಬಟ್ಟೆ ಒಗೆಯಲು ಹಾಕಿಕೊಂಡಿದ್ದ ವೀರಗಲ್ಲು. ಹಗಲಲ್ಲಿ ನೋಡಿದಾಗ ಬೋಳು ಚಪ್ಪಡಿ, ಮೇಲೆ ಸೋಪಿನ ಬಿಳಿ ಕಲೆ. ನೀರಲ್ಲಿ ನೆನೆಸಿದ ಮೆತ್ತನೆ ಬ್ರಷ್ಷಿನಿಂದ ಮಾತ್ರ ಒರೆಸಿದೆವು. ರಾತ್ರಿ ಟಾರ್ಚನ್ನು ಎದುರಿಗೆ ಹಿಡಿದಾಗಲೂ ಏನೂ ಇಲ್ಲ. ಅದನ್ನೇ ಕಲ್ಲಿನ ಅಂಚಿಗೆ ಒರಗಿಸಿ ಬೆಳಕು ಮೈಮೇಲೆ ಅಡ್ಡಡ್ಡ ಹರಿಯುವ ಹಾಗೆ ಹಿಡಿದರೆ ಪ್ರತಿ ಅಕ್ಷರದ ಗುಂಡಿಯಲ್ಲೂ ನೆರಳು ನಿಂತಿತು. "ಸ್ವಸ್ತಿ ಶ್ರೀ" ತಾನಾಗಿಯೇ ಕಂಡಿತು. ಎರಡನೇ ಸಾಲಿನಲ್ಲಿ ಒಬ್ಬ ಹುಡುಗ "ಇಲ್ಲೇನೋ ಗಾಡಿ ಚಕ್ರ ಕೆತ್ತಿದಾರೆ ಸಾರ್" ಅಂದ. ಅದು ಱ, ಈಗ ಬಿಟ್ಟುಹೋಗಿರುವ ಶಕಟರೇಫ. ಶಕಟ ಎಂದರೆ ಬಂಡಿಯೇ, ಹಾಗಾಗಿ ಹುಡುಗ ಹೇಳಿದ್ದೇನೂ ತಪ್ಪಲ್ಲ. ಹಿಂದಿನ ಅಕ್ಷರ ಸೇರಿಸಿದರೆ "ತುಱು", ಅಂದರೆ ದನ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು. ಅಲ್ಲಿ ದಿನಾ ಬಟ್ಟೆ ಒಗೆಯುತ್ತಿದ್ದ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾರನೇ ದಿನ ಬೆಳಗ್ಗೆ ಕಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಬಟ್ಟೆಗೆ ಬೇರೆ ಕಲ್ಲು ಬಂದಿತ್ತು. ನಾವು ಯಾರೂ ಹೇಳಿರಲಿಲ್ಲ.

ಹಗಲಲ್ಲೇ ಬೇಕಾದರೆ ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಿ. ಅಳತೆ ಗೊತ್ತಾಗಲು ಒಂದು ಸ್ಕೇಲು ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ.

ಪಡಿಯಚ್ಚು ತೆಗೆಯಲು ಕಲಿಸುತ್ತೀರಾ?

ತೋರಿಸುತ್ತೇವೆ, ಶಾಸನದ ಮೇಲಲ್ಲ. ಅಕ್ಷರ ಕೊರೆಸಿದ ಒಂದು ಅಭ್ಯಾಸದ ಕಲ್ಲಿದೆ. ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದು ಅಕ್ಷರದೊಳಗೆ ಇಳಿಸುವುದು, ಮೇಲೆ ಮಸಿ ತಟ್ಟುವುದು, ಒಣಗಿದ ಮೇಲೆ ಬಿಡಿಸುವುದು. ಕೆತ್ತಿದ ಜಾಗಕ್ಕೆ ಮಸಿ ತಾಗದೆ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಇದನ್ನು ಮಾಡುವಂತಿಲ್ಲ. ಬೇರೆ ಕಡೆಯೂ ಹೊಸಬರು ಮಸಿ ಸೋರಿಸಿ ಕಲ್ಲಿಗೆ ಕಪ್ಪು ಬಳಿದು ಬರುವುದೇ ಹೆಚ್ಚು. ಮೈಸೂರಿನಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗವಿದೆ, ನಿಜವಾದ ಅಚ್ಚು ಬೇಕಾದರೆ ಅವರಿಗೆ ಕಾಗದ ಬರೆಯಿರಿ.

ಕಲ್ಲಿನಲ್ಲಿರುವ ಸಂವತ್ಸರವನ್ನು ಇಸವಿಗೆ ತಿರುಗಿಸುವುದು ಹೇಗೆ?

ಶಕ ವರ್ಷಕ್ಕೆ 78 ಕೂಡಿಸಿ. ಯುಗಾದಿಯಿಂದ ಡಿಸೆಂಬರ್ ಕೊನೆವರೆಗಿನ ತಿಥಿಯಾದರೆ 78, ಜನವರಿ ಆಚೆಗೆ ಬಂದರೆ 79. ಅಭ್ಯಾಸಕ್ಕೆ ನಾವು ಕೊಡುವ ಸಾಲು ಇದು: "ಶಾಲಿವಾಹನ ಶಕ ವರುಷ ೧೪೫೧ನೆಯ ವಿರೋಧಿ ಸಂವತ್ಸರ". 1451ಕ್ಕೆ 78 ಸೇರಿಸಿದರೆ 1529. ಪಂಚಾಂಗದ ಲೆಕ್ಕದಲ್ಲಿ 1529-30 ವಿರೋಧಿಯೇ. ಎರಡೂ ಹೊಂದಿದವು.

ಅಂಕಿ ಸವೆದು "ವಿರೋಧಿ" ಮಾತ್ರ ಉಳಿದಿದ್ದರೆ? ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1469, 1529, 1589, 1649 ಎಲ್ಲವೂ ವಿರೋಧಿಯೇ. ಆಗ ರಾಜನ ಹೆಸರು ಹುಡುಕಿ. ಅಚ್ಯುತರಾಯ ಎಂದಿದ್ದರೆ ಆತ ಪಟ್ಟಕ್ಕೆ ಬಂದದ್ದೇ 1529ರಲ್ಲಿ, ಉಳಿದವು ತಾವಾಗಿಯೇ ಬಿಟ್ಟುಹೋದವು. ರಾಜನ ಹೆಸರೂ ಇಲ್ಲದಿದ್ದರೆ ಲಿಪಿ ನೋಡಿ ಶತಮಾನ ಹೇಳಬಲ್ಲವರು ಬೇಕು. ಅಲ್ಲಿಯ ತನಕ ನಿಮ್ಮ ಬರಹದಲ್ಲಿ ನಾಲ್ಕು ಇಸವಿಯನ್ನೂ ಬರೆದಿಡಿ. ಚೆಂದ ಕಂಡದ್ದೊಂದನ್ನು ಆರಿಸಿಕೊಳ್ಳಬೇಡಿ. ಜನ ಯಾವಾಗಲೂ ಹಳೆಯದನ್ನೇ ಆರಿಸುತ್ತಾರೆ.

ಇದೇ ಲೆಕ್ಕ ಮಾತಿಗೂ ಉಪಯೋಗ. "ಧಾತು, ಈಶ್ವರದಲ್ಲಿ ಬಿದ್ದ ಬರ" ಎಂದು ಮನೆತನದ ಕಥೆಯಲ್ಲಿ ಬಂದರೆ ಅದು 1876ರಿಂದ 78ರ ಮಹಾ ಬರ.

ನಮ್ಮೂರಲ್ಲಿ ಶಾಸನವೂ ಇಲ್ಲ, ಕೋಟೆಯೂ ಇಲ್ಲ. ಬರೆಯಲು ಏನಿದೆ?

ಈ ಪ್ರಶ್ನೆ ಕೇಳಿದಾಗ ನಮಗೆ ಖುಷಿ. ಮೊದಲು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಹಳೇ ದಾಖಲಾತಿ ಪುಸ್ತಕ ನೋಡಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿ. ಅಪ್ಪನ ಕಸುಬು ಒಂದು ಕಲಂ, ಶಾಲೆ ಬಿಟ್ಟ ಕಾರಣ ಇನ್ನೊಂದು ಕಲಂ. ಊರಿನ ಮೊದಲ ಹೆಣ್ಣುಮಗು ಯಾವ ವರ್ಷ ಸೇರಿತು, ಯಾವ ಕೇರಿಯಿಂದ ಮೊದಲ ಮಗು ಯಾವಾಗ ಬಂತು, ಮಗ್ಗ ಎಂದು ಬರೆಯುತ್ತಿದ್ದ ಜಾಗದಲ್ಲಿ ಕೂಲಿ ಎಂದು ಬರೆಯಲು ಶುರುವಾದದ್ದು ಯಾವಾಗ, ಎಲ್ಲವೂ ಆ ಪುಸ್ತಕದಲ್ಲಿ ಸಾಲಾಗಿ ಕೂತಿವೆ. ಒಂದು ಎಚ್ಚರಿಕೆ. ಹುಟ್ಟಿದ ದಿನದ ಕಲಂ ನಂಬಬೇಡಿ. ಅರ್ಧ ಊರು ಜೂನ್ 1ರಂದು ಹುಟ್ಟಿರುತ್ತದೆ. ಮೇಷ್ಟ್ರು ಮಗುವನ್ನು ನೋಡಿ ಅಂದಾಜಿನಲ್ಲಿ ಬರೆದದ್ದು.

ಆಮೇಲೆ ಸಹಕಾರ ಸಂಘದ ನಡಾವಳಿ ಪುಸ್ತಕ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಹುಟ್ಟಿದ ನಾಡು ನಮ್ಮದು. ಹಾಗಾಗಿ ನೂರು ವರ್ಷ ದಾಟಿದ ಸಂಘಗಳು ಅಲ್ಲಲ್ಲಿ ಸಿಗುತ್ತವೆ. ಯಾರಿಗೆ ಸಾಲ ಕೊಟ್ಟರು ಎಂಬುದಕ್ಕಿಂತ ಯಾರ ಅರ್ಜಿಯನ್ನು ಮುಂದಕ್ಕೆ ಹಾಕಿದರು ಎಂಬುದನ್ನು ಓದಿ. ಇಂಥ ಪುಸ್ತಕಗಳು ಉಳಿಯುವುದು ಮಾತ್ರ ಅದೃಷ್ಟ. ಒಂದು ಊರಿನಲ್ಲಿ ನಾವು ಬರುತ್ತೇವೆಂದು ತಿಳಿದು ಕಚೇರಿ ಚೊಕ್ಕಟ ಮಾಡಿಸಿದ್ದರು. ಹಳೇ ಪುಸ್ತಕಗಳೆಲ್ಲ ಹಿಂದಿನ ದಿನವೇ ಗುಜರಿಗೆ ಹೋಗಿದ್ದವು. ಗೌರವಕ್ಕೆಂದು ಮಾಡಿದ್ದು, ಬೈಯಲೂ ಬಾಯಿ ಬರಲಿಲ್ಲ. ಅಂದಿನಿಂದ ಮೊದಲೇ ಹೇಳಿಕಳಿಸುವುದನ್ನು ಬಿಟ್ಟಿದ್ದೇವೆ.

ಗ್ರಾಮ ನಕ್ಷೆ, ಮೂಲ ಟಿಪ್ಪಣಿ (ಜಮೀನಿನ ಮೊದಲ ಅಳತೆಯ ದಾಖಲೆ), ಇನಾಂ (ದಾನವಾಗಿ ಬಿಟ್ಟ ಜಮೀನಿನ) ರಿಜಿಸ್ಟರು ತಾಲ್ಲೂಕು ಕಚೇರಿ ಮತ್ತು ಭೂಮಾಪನ ಇಲಾಖೆಯಲ್ಲಿ ಸಿಗುತ್ತವೆ. ಸಂಸ್ಥಾನದ ಕಾಲದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು, ಮೈಸೂರಿನಲ್ಲೂ ಅದರ ಕಚೇರಿಯಿದೆ. ಅಂದಹಾಗೆ ಕಡತ ಎಂದರೆ ಮೊದಲು ಫೈಲಲ್ಲ. ಬಟ್ಟೆಗೆ ಹುಣಸೇಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕರಿಹಲಗೆಯ ಹಾಗೆ ಮಾಡಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಹಳೇ ಶಾನುಭೋಗರ ಅಟ್ಟದಲ್ಲಿ ಮಡಿಕೆ ಮಡಿಕೆಯ ಕರಿ ಬಟ್ಟೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಳಪದ ಬರಹ ಅಳಿಸಿಹೋಗುತ್ತದೆ.

ಇನ್ನು ಹೆಳವರು. ಉತ್ತರ ಕರ್ನಾಟಕದವರಿಗೆ ಹೇಳುವುದೇ ಬೇಡ. ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ಮನೆತನದ ಹೆಸರುಗಳನ್ನು ತಲೆಮಾರು ಹಿಡಿದು ಓದುವವರು. ಅವರ ಹೊತ್ತಿಗೆಯಲ್ಲಿ ನಿಮ್ಮವರು ಎಲ್ಲಿಂದ ಹೊರಟು ಎಲ್ಲಿಗೆ ಬಂದರು ಎಂಬುದು ಇರುತ್ತದೆ. ಹೊತ್ತಿಗೆಯ ಫೋಟೊ ಕೇಳಬೇಡಿ, ಅದು ಅವರ ಅನ್ನ. ಕೂತು ಕೇಳಿ, ಬರೆದುಕೊಳ್ಳಿ, ಕಾಳು ಕಡಿ ಕೊಟ್ಟು ಕಳಿಸಿ.

ಮೋಡಿ, ಉರ್ದು ಕಾಗದಗಳಿವೆ. ಏನು ಮಾಡುವುದು?

ಬೆಳಗಾವಿ, ಧಾರವಾಡ ಕಡೆ ಮೋಡಿ (ಮರಾಠಿಯ ಹಳೇ ಕೂಡುಬರಹದ ಲಿಪಿ), ಬೀದರ್, ಕಲಬುರಗಿ ಕಡೆ ಉರ್ದು ಮತ್ತು ಪಾರಸಿ ಸಾಮಾನ್ಯ. ನಮ್ಮ ಕಮ್ಮಟದಲ್ಲಿ ಕಲಿಸುವುದಿಲ್ಲ. ಎರಡೂ ಬದಿಯ ಫೋಟೊ ತೆಗೆದಿಡಿ, ಮೊಹರು ಇದ್ದರೆ ಅದನ್ನು ಬೇರೆಯಾಗಿ ತೆಗೆಯಿರಿ. ಊರಿನ ಮಸೀದಿಯಲ್ಲಿ ಉರ್ದು ಓದಬಲ್ಲ ಹಿರಿಯರಿರುತ್ತಾರೆ, ಮೊದಲು ಅವರನ್ನೇ ಕೇಳಿ.

ಹಿರಿಯರನ್ನು ಮಾತಾಡಿಸುವುದಕ್ಕೂ ತರಬೇತಿ ಬೇಕಾ?

ಅದಕ್ಕೇ ಹೆಚ್ಚು ಬೇಕು. ಕಳೆದ ಬಾರಿ ಒಬ್ಬ ಹುಡುಗಿ ಅಜ್ಜಿಯ ಮುಂದೆ ಪಟ್ಟಿ ಹಿಡಿದು ಕೂತು "ಅಜ್ಜಿ, ನಿಮ್ಮ ಮದುವೆ ಯಾವ ಇಸವಿ?" ಅಂದಳು. "ಇಸ್ವಿ ಗಿಸ್ವಿ ನಂಗೇನ್ ಗೊತ್ತವ್ವ" ಎಂದು ಅಜ್ಜಿ ಎಲೆಅಡಿಕೆ ಹಾಕಿಕೊಂಡರು, ಮಾತು ಮುಗಿಯಿತು. ಪಟ್ಟಿ ಮಡಿಸಿಟ್ಟು ಇನ್ನೊಮ್ಮೆ ಹೋಗು ಅಂದೆವು. ಈ ಸಲ "ನಿಮ್ ಮದ್ವೆಲಿ ಮುಯ್ಯಿ ಎಷ್ಟು ಹಾಕ್ತಿದ್ರಜ್ಜಿ?" "ನಾಕಾಣೆ, ಎಂಟಾಣೆ. ನಮ್ ಸ್ವಾದ್ರಮಾವ ಒಂದ್ರೂಪಾಯಿ ಹಾಕಿದ್ದ, ಊರೆಲ್ಲ ಅದೇ ಮಾತು." ಅಲ್ಲಿಂದ ಒಂದೂವರೆ ಗಂಟೆ.

ಹುಡುಗಿ ಬರೆದುಕೊಂಡು ಬಂದದ್ದು "ಆಣೆ, ಅಂದರೆ 1957ಕ್ಕಿಂತ ಮೊದಲು". ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಸರಿ. ಆದರೆ ಹಳೇ ನಾಣ್ಯಗಳು ಆಮೇಲೂ ಕೆಲವು ವರ್ಷ ನಡೆದವು. ಜನರ ಬಾಯಲ್ಲಿ ಎಂಟಾಣೆ ಮೊನ್ನೆ ಮೊನ್ನೆವರೆಗೂ ಇತ್ತು. ಇದೊಂದೇ ಗುರುತು ಸಾಲದು. ಆಗ ರಾಜ್ಯ ಮೈಸೂರಾ ಕರ್ನಾಟಕವಾ, ಊರಿಗೆ ಕರೆಂಟು ಬಂದಿತ್ತಾ, ಮೊದಲ ಮಗುವಿಗೆ ಈಗ ಎಷ್ಟು ವಯಸ್ಸು, ಹೀಗೆ ಎರಡು ಮೂರು ಕಡೆಯಿಂದ ಹಗ್ಗ ಹಾಕಿ ಬಿಗಿಯಬೇಕು. ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್ 1, ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ರಜಾಕಾರರ ಹಾವಳಿ ಮತ್ತು ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್, ಶರಾವತಿ ಕಣಿವೆಯವರಿಗೆ ಲಿಂಗನಮಕ್ಕಿಯ ನೀರು ಏರಿದ 1964, ಇವೆಲ್ಲ ಜನರ ಕ್ಯಾಲೆಂಡರು. ಮೊದಲು ಆ ಊರಿನ ಕ್ಯಾಲೆಂಡರು ಮಾಡಿಕೊಂಡು ಆಮೇಲೆ ಮಾತಿಗೆ ಕೂರಿ.

ಉಳಿದ ಕೆಲವು ಮಾತು. ಫೋನಿನಲ್ಲಿ ಧ್ವನಿ ಹಿಡಿಯುವ ಮೊದಲು ಕೇಳಿ ಒಪ್ಪಿಗೆ ಪಡೆಯಿರಿ, ಆ ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿ. ಅರಳಿಕಟ್ಟೆಯಲ್ಲಿ ಹತ್ತು ಗಂಡಸರ ನಡುವೆ ಕೇಳಿದರೆ ಸಿಗುವುದು ಊರೆಲ್ಲ ಒಪ್ಪಿದ ಒಂದೇ ಕಥೆ. ಬೇರೆ ಬೇರೆಯಾಗಿ ಕೇಳಿದರೆ ಮೂರು ಕಥೆ, ಮೂರನ್ನೂ ಬರೆದಿಡಿ. ಅಜ್ಜಿಗೆ ಕೇಳಿದ್ದಕ್ಕೆ ಮಗ ಉತ್ತರ ಕೊಡತೊಡಗಿದರೆ ಅವರನ್ನು ಟೀ ತರಲು ಕಳಿಸುವ ಉಪಾಯ ನಿಮಗೇ ಹೊಳೆಯುತ್ತದೆ. ಬರಹಕ್ಕೆ ಇಳಿಸುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ನಮ್ಮೂರ ಹೆಸರಿಗೆ ಒಂದು ಒಳ್ಳೇ ಕಥೆಯಿದೆ. ಅದನ್ನೇ ಬರೆಯಬಹುದಲ್ಲ?

ಕಥೆ ಎಂದು ಬರೆಯಿರಿ. ಬೆಂದಕಾಳು ತಿಂದ ರಾಜನಿಂದ ಬೆಂಗಳೂರು ಎಂದು ಎಲ್ಲರಿಗೂ ಗೊತ್ತು. ಆ ಕಥೆಯ ರಾಜ ಹೊಯ್ಸಳ ವೀರಬಲ್ಲಾಳ. ಅವನಿಗಿಂತ ನೂರಾರು ವರ್ಷ ಮೊದಲೇ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ "ಬೆಂಗಳೂರ ಕಾಳಗ" ಎಂದಿದೆ. ಕಥೆಯನ್ನು ಬಿಸಾಡಬೇಕಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ಎಲ್ಲಿಂದ ಬಂತು ಎಂದು ಹೇಳಿದರಾಯ್ತು.

ಜಾತಿ ಜಗಳ, ಹಳೇ ವ್ಯಾಜ್ಯ ಎಲ್ಲ ಬರೆಯಬೇಕಾ? ಊರಲ್ಲಿ ಬಾಳಬೇಕಲ್ಲ ನಾವು.

ಬದುಕಿರುವವರ ಹೆಸರು ಬಿಡಬಹುದು, ನಡೆದದ್ದನ್ನು ಬಿಡಬಾರದು. ಗೌಡರ ಮನೆತನ, ದೇವಸ್ಥಾನ, ರಥ ಇಷ್ಟರಲ್ಲೇ ಮುಗಿಯುವ ಊರ ಚರಿತ್ರೆಗಳು ಕಪಾಟು ತುಂಬ ಇವೆ. ಆ ಊರಿನ ಕೆರೆಯ ತೂಬು ಎತ್ತುತ್ತಿದ್ದ ನೀರಗಂಟಿ ಯಾರು? ಗಡಿಕಲ್ಲು ಯಾವುದೆಂದು ತೋರಿಸುತ್ತಿದ್ದ ತೋಟಿ, ತಳವಾರರ ಮನೆಯವರು ಈಗ ಎಲ್ಲಿದ್ದಾರೆ? ಬರಗಾಲದಲ್ಲಿ ನೀರು ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಕೊನೆಗೆ ಎಂಬುದು ನೀರಗಂಟಿಯ ಮೊಮ್ಮಗನಿಗೆ ಬಾಯಿಪಾಠ ಇರುತ್ತದೆ, ಯಾವ ಕಾಗದದಲ್ಲೂ ಇರುವುದಿಲ್ಲ. ಕಮ್ಮಟದ ಮೂರನೇ ದಿನ ನಾವು ಶುರು ಮಾಡುವುದೇ ಊರ ಹೊರಗಿನ ಕೇರಿಯಿಂದ. ಊರವರು ಮೊದಲು ಗೌಡರ ಮನೆಗೆ ಕರೆಯುತ್ತಾರೆ. ಕಾಫಿಗೆ ಸಂಜೆ ಬರುತ್ತೇವೆ ಎನ್ನುತ್ತೇವೆ.

ಹೊಲ ಉಳುವಾಗ ವಿಗ್ರಹವೋ ನಾಣ್ಯವೋ ಸಿಕ್ಕರೆ?

ಅಲ್ಲೇ ಬಿಡಿ, ತಹಸೀಲ್ದಾರರಿಗೆ ತಿಳಿಸಿ. ನಿಧಿಗೆ ಕರ್ನಾಟಕದಲ್ಲಿ 1962ರ ಕಾಯಿದೆಯಿದೆ. ನೂರು ವರ್ಷ ದಾಟಿದ ವಿಗ್ರಹ, ನಾಣ್ಯಗಳು 1972ರ ಪುರಾವಸ್ತು ಕಾಯಿದೆಯಡಿ ಬರುತ್ತವೆ, ಹಸ್ತಪ್ರತಿಗೆ 75 ವರ್ಷ ಸಾಕು. ಮನೆಯಲ್ಲಿ ತಂದಿಟ್ಟು ಪೂಜೆ ಶುರು ಮಾಡಿದರೆ ಆಮೇಲೆ ಕಷ್ಟ.

ವೀರಗಲ್ಲಿನ ಫೋಟೊ, ಜಾಗ ಎಲ್ಲ ಫೇಸ್‌ಬುಕ್ಕಿಗೆ ಹಾಕಬಹುದಾ?

ಫೋಟೊ ಹಾಕಿ, ಪಕ್ಕಾ ಜಾಗ ಹಾಕಬೇಡಿ. ನಿಧಿ ಆಸೆಗೆ ರಾತ್ರಿ ಬಂದು ಕಲ್ಲಿನ ಬುಡ ಅಗೆಯುವವರು ನಿಮ್ಮಷ್ಟೇ ಶ್ರದ್ಧೆಯಿಂದ ಫೇಸ್‌ಬುಕ್ ಓದುತ್ತಾರೆ. ದೇವಸ್ಥಾನದ ಜೀರ್ಣೋದ್ಧಾರದ ಮಾತು ಎದ್ದಿದ್ದರೆ ಮಾತ್ರ ಬೇಗ ಗದ್ದಲ ಎಬ್ಬಿಸಿ. ಹೊಸ ಗ್ರಾನೈಟು, ಎಣ್ಣೆ ಬಣ್ಣ, ಮಗುಚಿ ಹಾಕಿದ ಚಪ್ಪಡಿ, ಇವುಗಳ ಅಡಿಯಲ್ಲಿ ಹೋದ ಶಾಸನಗಳಿಗೆ ಲೆಕ್ಕವಿಲ್ಲ. ಕೆಲಸ ಶುರುವಾಗುವ ಮೊದಲು ಒಂದು ದಿನ ಕೊಡಿ ಎಂದು ಸಮಿತಿಯವರನ್ನು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ನಾನಿರುವುದು ಹೊರದೇಶದಲ್ಲಿ. ನನಗೇನಾದರೂ ಕೆಲಸ?

ಲಂಡನ್ ಹತ್ತಿರ ಇದ್ದರೆ ಇದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ನಕ್ಷೆ, ಚಿತ್ರಗಳಲ್ಲಿ ಬಹಳಷ್ಟು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವನು ಊರೂರಿನಿಂದ ಬರೆಸಿದ ಕನ್ನಡ ಕೈಫಿಯತ್ತುಗಳನ್ನು, ಅಂದರೆ ಊರ ವೃತ್ತಾಂತಗಳನ್ನು, ಎಂ.ಎಂ. ಕಲಬುರ್ಗಿ ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಅದು ಇಲ್ಲೇ ಸಿಗುತ್ತದೆ. ಬೇರೆ ದೇಶದಲ್ಲಿದ್ದರೆ ಭಾನುವಾರ ಅಮ್ಮನಿಗೆ ಮಾಡುವ ಫೋನನ್ನೇ ರೆಕಾರ್ಡ್ ಮಾಡಿ, ಅವರಿಗೆ ಹೇಳಿ.

ಬರೆದಾದ ಮೇಲೆ ಯಾರು ಅಚ್ಚು ಹಾಕುತ್ತಾರೆ?

ಹೆಚ್ಚಿನವರು ತಾವೇ ಹಾಕಿಸುತ್ತಾರೆ, ನೂರು ಪ್ರತಿ. ಊರ ಶಾಲೆಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಂದೊಂದು ತಪ್ಪದೆ ಕೊಡಿ. ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಬಿಡಿಸಿ. ಬಿಡುಗಡೆ ದಿನವೇ ಯಾರಾದರೂ ಎದ್ದು "ನಮ್ಮ ತಾತನ ಹೆಸರು ತಪ್ಪಾಗಿದೆ" ಎನ್ನುತ್ತಾರೆ. ಆ ಹಾಳೆಯಲ್ಲೇ ಅವರಿಂದಲೇ ಬರೆಸಿ, ತಾರೀಕು ಹಾಕಿಸಿ.

ಶುಲ್ಕ, ಊಟ, ಪ್ರಮಾಣಪತ್ರ?

ಊಟದ ಖರ್ಚು ಹಂಚಿಕೊಳ್ಳುತ್ತೇವೆ, ಬೇರೆ ಶುಲ್ಕವಿಲ್ಲ. ಮಲಗುವುದು ಶಾಲೆಯಲ್ಲಿ, ಹಾಸಿಗೆ ನೀವೇ ತನ್ನಿ. ಪ್ರಮಾಣಪತ್ರ ಇಲ್ಲ.

ಬರುವಾಗ ಏನು ತರಬೇಕು?

ಟಾರ್ಚು, ಒಂದು ಅಡಿ ಸ್ಕೇಲು, ಗೆರೆಯಿಲ್ಲದ ನೋಟು ಪುಸ್ತಕ, ಪೆನ್ಸಿಲ್, ಟೋಪಿ. ಫೋನು ಖಾಲಿ ಮಾಡಿಕೊಂಡು ಬನ್ನಿ, ಮದುವೆ ವಿಡಿಯೊಗಳಿಂದ ತುಂಬಿ ಎರಡನೇ ದಿನಕ್ಕೇ ಜಾಗವಿಲ್ಲ ಎನ್ನುವವರು ಪ್ರತಿ ಸಲವೂ ಇರುತ್ತಾರೆ. ಕಲ್ಲಿನ ಸಂದಿಯಲ್ಲಿ ಕೈ ಹಾಕುವ ಕೆಲಸ, ಹಾವಿನ ಸೀಮೆ. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ.